ಮಾಳಿಗೆ ಮೇಲಿನ ಜಗಳ

ಇಷ್ಟದ ಬ್ಯಾಂಡು ಹೊಸ ಆಲ್ಬಂ ತಂದ ವಾರವೇ ಬೇರೆ. ಕೈ ಅದರ ಪಾಡಿಗೆ ಕೆಲಸ ಮಾಡುತ್ತಿರುತ್ತದೆ, ತಲೆಯಲ್ಲಿ ಹಾಡು ಅದರ ಪಾಡಿಗೆ ಓಡುತ್ತಿರುತ್ತದೆ. ತೋಟದ ಬದುವಿನ ಮೇಲೆ, ಬಸ್ಸಿನ ಕಿಟಕಿ ಪಕ್ಕ, ಟೀ ಅಂಗಡಿಯ ಬೆಂಚಿನ ಮೇಲೆ ಅದೇ ಗುನುಗು. ಆದರೂ ಕೇಳುವುದು ಅರ್ಧ ಸುಖ ಮಾತ್ರ, ಉಳಿದರ್ಧ ಇರುವುದು ಜಗಳದಲ್ಲಿ. ‘ಮೊದಲಿನದೇ ಚೆನ್ನಾಗಿತ್ತು’ ಎನ್ನುವವನೊಬ್ಬ ಬೇಕು, ‘ನಿನಗೆ ಕಿವಿ ಇಲ್ಲ’ ಎನ್ನುವವನೊಬ್ಬ ಬೇಕು, ಇಬ್ಬರ ಮಾತನ್ನೂ ಕೇಳಿಸಿಕೊಂಡು ಕೊನೆಗೆ ಮೂರನೆಯದನ್ನೇ ಹೇಳುವ ಹಿರಿಯರೊಬ್ಬರು ಬೇಕು. ಒಬ್ಬನೇ ಕೇಳಿ ಒಬ್ಬನೇ ಮೆಚ್ಚಿಕೊಂಡ ಆಲ್ಬಂ ಯಾವುದೂ ನನ್ನಲ್ಲಿ ಬಹಳ ದಿನ ನಿಂತಿಲ್ಲ. ಕಿತ್ತಾಡಿಕೊಂಡು ಕೇಳಿದ್ದು ಮಾತ್ರ ಇವತ್ತಿಗೂ ಎಳೆ ಎಳೆಯಾಗಿ ನೆನಪಿದೆ.

ಮತ್ತೋಡಿನಂಥ ಊರಲ್ಲಿ ರಾಕ್ ಬ್ಯಾಂಡಿನ ಮೇಲೆ ಜಗಳವೇ ಎಂದು ಹೊಸದುರ್ಗದ ನೆಂಟರೂ ಕೇಳಿದ್ದುಂಟು. ವೇದಾವತಿ ಸೀಮೆಯ ಹೋಬಳಿ ಊರು ನಮ್ಮದು. ತೆಂಗು, ಅಡಿಕೆ, ರಾಗಿ, ಈಚೆಗೆ ದಾಳಿಂಬೆ. ಹಾಡು ಅಂದರೆ ಭಜನೆ ಮೇಳ, ಹಬ್ಬಕ್ಕೆ ತಮಟೆ-ಉರುಮೆ, ಕಾಡುಗೊಲ್ಲರ ಹಟ್ಟಿಯಲ್ಲಿ ಜುಂಜಪ್ಪನ ಕಥೆಗೆ ಊದುವ ಗಣೆ, ಸಾಣೇಹಳ್ಳಿ ನಾಟಕಗಳಿಂದ ಬಾಯಿಗೆ ಬಂದ ರಂಗಗೀತೆ. ಇಷ್ಟರ ನಡುವೆ ರಘು ದೀಕ್ಷಿತ್ ಪ್ರಾಜೆಕ್ಟ್ ಎಂಬ ಬ್ಯಾಂಡು ನಮ್ಮೂರಿಗೆ ಬಂದದ್ದು ಶಿಶುನಾಳ ಶರೀಫರ ಕೈ ಹಿಡಿದುಕೊಂಡು.

2008ರಲ್ಲಿ ಅವರ ಮೊದಲ ಆಲ್ಬಂ ‘ಅಂತರಾಗ್ನಿ’ ಬಂತು. ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ತಮ್ಮದೇ ಕಂಪನಿಯಿಂದ ಅದನ್ನು ಹೊರತಂದರು. ಎಂಟು ಹಾಡು. ಹಿಂದಿಯವೇ ಹೆಚ್ಚು, ಕನ್ನಡದವು ಎರಡೇ, ಆ ಎರಡೂ ಶರೀಫರವು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನಿಯ ಮಾಳಿಗಿ’. ಹಾಡುವ ರಘು ಮೈಸೂರಿನಲ್ಲಿ ಬೆಳೆದವನು, ಮೈಕ್ರೊಬಯಾಲಜಿಯಲ್ಲಿ ಚಿನ್ನದ ಪದಕ, ಭರತನಾಟ್ಯದಲ್ಲಿ ವಿದ್ವತ್. ಲುಂಗಿ ಉಟ್ಟು, ಗೆಜ್ಜೆ ಕಟ್ಟಿ, ಗಿಟಾರ್ ನೇತುಹಾಕಿಕೊಂಡು ವೇದಿಕೆಯ ಈ ತುದಿಯಿಂದ ಆ ತುದಿಗೆ ಕುಣಿಯುತ್ತ ಹಾಡುತ್ತಾನೆ. 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ಕಾರ್ಯಕ್ರಮಕ್ಕೂ ಈ ತಂಡ ಹೋಗಿ ಹಾಡಿತು, ಮರುವರ್ಷ ಸಾಂಗ್‌ಲೈನ್ಸ್ ಪತ್ರಿಕೆ ಹೊಸಬರಿಗೆ ಕೊಡುವ ಪ್ರಶಸ್ತಿಯೂ ಸಿಕ್ಕಿತು. ಆ ಸುದ್ದಿ ಪೇಪರಿನಲ್ಲಿ ಬರುವ ಹೊತ್ತಿಗಾಗಲೇ ನಮ್ಮ ಗುಂಪಿನಲ್ಲಿ ಪರ-ವಿರೋಧ ಎರಡು ಪಕ್ಷಗಳಾಗಿದ್ದವು.

ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಬರುತ್ತಿದ್ದ ಕಾಲ ಅದು. ಕಾರ್ಡಿನಲ್ಲಿ ಹಾಡುಗಳು ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲಿ ಕೂತಿರುತ್ತಿದ್ದವು. ಮುಂದಿನದು ಹಿಂದೆ, ಹಿಂದಿನದು ಮುಂದೆ, ನಡುವೆ ಯಾವುದೋ ಸಿನಿಮಾ ಹಾಡು. ಬೆಂಗಳೂರಿನಲ್ಲಿ ಓದುತ್ತಿದ್ದ ಗೆಳೆಯ ಸೀಡಿಯನ್ನೇ ತಂದ ಮೇಲೆ ಆಲ್ಬಮ್ಮಿಗೂ ಒಂದು ನಡಿಗೆ ಇರುತ್ತದೆ ಎಂಬುದು ನಮಗೆ ಗೊತ್ತಾದದ್ದು. ಗದ್ದಲದ ಹಾಡಿನ ಮಗ್ಗುಲಲ್ಲಿ ಮೆಲ್ಲನೆಯದನ್ನು ಯಾಕೆ ಇಟ್ಟರು, ಕೊನೆಗೆ ಯಾವುದನ್ನು ಉಳಿಸಿಕೊಂಡರು ಎಂದು ಯೋಚಿಸುವುದೇ ಒಂದು ಆಟವಾಯಿತು. ಅಂದಿನಿಂದ ಹೊಸ ಆಲ್ಬಮ್ಮನ್ನು ಕ್ರಮ ತಪ್ಪಿಸಿ ಕೇಳುವವರ ಜೊತೆ ನಾನು ಚರ್ಚೆಗೇ ಕೂರುವುದಿಲ್ಲ. ಮೊದಲ ಸಲ ಪೂರ್ತಿ, ಮೊದಲಿಂದ ಕೊನೆವರೆಗೆ, ಯಾರೂ ಬಾಯಿ ಬಿಡಬಾರದು. ಎರಡನೆಯ ಸಲ ಮಾತಿಗೆ ಪರವಾನಗಿ.

ಕೇಳುತ್ತಿದ್ದ ಜಾಗ ನಮ್ಮ ಹಳೆಯ ಮನೆಯ ಮಾಳಿಗೆ. ಬೇಸಿಗೆಯಲ್ಲಿ ಊಟ ಮುಗಿಸಿ ಚಾಪೆ ಹಾಸಿಕೊಂಡು ಮೇಲೆ ಮಲಗುವುದು ನಮ್ಮ ಬಯಲುಸೀಮೆಯ ವಾಡಿಕೆ. ಮಾಳಿಗೆ ಮನೆ ಕಾಣದವರಿಗೆ ಒಂದೆರಡು ಮಾತು ಹೇಳಲೇಬೇಕು. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತೆ, ಅದರ ಮೇಲೆ ಸೊಪ್ಪುಸದೆ, ಆಮೇಲೆ ದಪ್ಪಗೆ ಮಣ್ಣು ಹಾಕಿ ತುಳಿದು ಗಟ್ಟಿ ಮಾಡಿ, ಎಲ್ಲಕ್ಕೂ ಮೇಲೆ ಚೌಳು ಮಣ್ಣಿನ ಹೊದಿಕೆ. ಚೌಳು ನೀರು ಕುಡಿದ ಕೂಡಲೇ ಮೆತ್ತಿಕೊಂಡು ಸಂದಿಗಳನ್ನೆಲ್ಲ ಮುಚ್ಚಿಬಿಡುತ್ತದೆ, ಮಳೆ ಒಳಗಿಳಿಯದೆ ಹರಿದು ಹೋಗುತ್ತದೆ. ಮುಂಗಾರಿಗೆ ಮುಂಚೆ ಗಾಡಿಯಲ್ಲಿ ಹೊಸ ಚೌಳು ತಂದು ಹರಡಬೇಕು. ಒಂದು ವರ್ಷ ಸೋಮಾರಿತನ ಮಾಡಿದರೆ ಆ ವರ್ಷ ಮನೆಯಲ್ಲಿರುವ ಪಾತ್ರೆಗಳೆಲ್ಲ ಹನಿ ಹಿಡಿಯಲು ನಡುಮನೆಯಲ್ಲಿ ಸಾಲಾಗಿ ಕೂರುತ್ತವೆ. ಶರೀಫರು ಹಾಡಿದ್ದು ಈ ಮಾಳಿಗೆಯನ್ನೇ. ದುರಸ್ತಿ ಮಾಡುವವರಿಲ್ಲದೆ ಸೋರುವ ಮನೆ ಮನುಷ್ಯನ ಮೈಯೂ ಹೌದು, ಸಂಸಾರವೂ ಹೌದು. ಆರ್‌ಸಿಸಿ ಮನೆಯಲ್ಲಿ ಹುಟ್ಟಿದವರು ಅದನ್ನು ತತ್ವ ಎಂದು ತಿಳಿದುಕೊಳ್ಳುತ್ತಾರೆ. ನಮಗೆ ಅದು ಮೊದಲು ಮನೆಯ ಸುದ್ದಿ, ಆಮೇಲೆ ತತ್ವ.

ಆ ಹಾಡನ್ನು ಮಾಳಿಗೆಯ ಮೇಲೆ ಕೇಳಿದ ರಾತ್ರಿ ಭಜನೆ ಮೇಳದ ತಾತನೊಬ್ಬರು ಜೊತೆಯಲ್ಲಿದ್ದರು. ವಯಸ್ಸಿಡೀ ಏಕತಾರಿ ಮೀಟುತ್ತ ಶರೀಫರ ಪದ ಹಾಡಿದವರು. ಅವರ ಮುಂದೆ ಹಾಕುವುದೋ ಬೇಡವೋ ಎಂದು ನಮಗೆ ಅಳುಕು. ಒಬ್ಬನಂತೂ ಮೊದಲೇ ಮುನ್ಸೂಚನೆ ಕೊಟ್ಟ: ‘ತಾತ, ಇದು ಗಿಟಾರ್‌ನಾಗೆ ಹಾಡಿರೋದು, ಬೇಜಾರು ಮಾಡ್ಕಬೇಡ್ರಿ.’ ಹಾಡು ನಿಧಾನವಾಗಿ ಸಾಗಿತು. ರಘು ಆ ಪದವನ್ನು ಓಡಿಸುವುದಿಲ್ಲ. ಗಿಟಾರಿನ ಮೇಲೆ ಸಾಲನ್ನು ಇಟ್ಟು, ಬಿಟ್ಟು, ಮತ್ತೆ ಎತ್ತಿಕೊಳ್ಳುತ್ತಾನೆ. ಮುಗಿದ ಮೇಲೆ ತಾತ ಹೇಳಿದ್ದಿಷ್ಟು: ‘ಮಾಳಿಗಿ ಒಂದೇ ಸಲಕ್ಕೆ ಸೋರಲ್ಲ ಕಣ್ರಪ್ಪಾ. ಮೊದ್ಲು ಒಂದು ಹನಿ ಬೀಳ್ತೈತೆ. ಎಲ್ಲಿ ಬಿತ್ತು ಅಂತ ತಲೆ ಎತ್ತಿ ನೋಡೋದ್ರಾಗೆ ಇನ್ನೊಂದು. ಈ ಹುಡುಗ ಅವಸರ ಮಾಡಿಲ್ಲ. ಇನ್ನೊಂದು ಸಲ ಹಾಕ್ರಿ.’ ಆ ಮಾತಿನ ಮೇಲೆ ನಾನು ಆ ಹಾಡಿನಲ್ಲಿ ಸಾಲುಗಳ ನಡುವಿನ ಬಿಡುವನ್ನು ಕೇಳಲು ಕಲಿತೆ. ಇಂದಿಗೂ ಆ ಬ್ಯಾಂಡಿನ ಹಾಡುಗಳಲ್ಲೆಲ್ಲ ಶ್ರೇಷ್ಠವಾದದ್ದು ಇದೇ ಎಂದು ನನ್ನ ಪಕ್ಷ. ಗುಂಪಿನಲ್ಲಿ ನನಗೆ ಬಹುಮತವಿಲ್ಲ.

ಎರಡನೆಯ ಆಲ್ಬಂ ‘ಜಗ್ ಚಂಗಾ’ ಬಂದದ್ದು 2013ರಲ್ಲಿ. ಐದು ವರ್ಷ ಕಾದಿದ್ದೆವು. ಹೆಸರು ಕೇಳಿಯೇ ಅರ್ಧ ಜನ ಮುನಿಸಿಕೊಂಡರು. ನಮ್ಮ ಶರೀಫರನ್ನು ಹಾಡುವವನ ಆಲ್ಬಮ್ಮಿಗೆ ಕನ್ನಡದಲ್ಲಿ ಹೆಸರಿಲ್ಲವೇ ಎಂದು. ಆ ಮುನಿಸು ನನಗೂ ಇತ್ತು, ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಪ್ರೀತಿ ಇದ್ದಲ್ಲಿ ಹಕ್ಕೂ ಇರುತ್ತದೆ. ಆದರೆ ಒಳಗೆ ‘ಲೋಕದ ಕಾಳಜಿ’ ಇತ್ತು, ‘ಕೊಡಗನ ಕೋಳಿ ನುಂಗಿತ್ತ’ ಇತ್ತು. ಈ ಎರಡರ ಮೇಲೆ ನಡೆದ ಜಗಳ ಎಷ್ಟೋ ರಾತ್ರಿ ಚಾಪೆ ಮಡಚಲು ಬಿಡಲಿಲ್ಲ.

‘ಲೋಕದ ಕಾಳಜಿ’ಯನ್ನು ಅವರು ಕುಣಿಯುವ ಹಾಡು ಮಾಡಿದ್ದಾರೆ. ತತ್ವಪದಕ್ಕೆ ಈ ಕುಣಿತ ಯಾಕೆ ಎಂದು ಒಬ್ಬ ಎದ್ದು ನಿಂತ. ಅಂಗಡಿ ಇಟ್ಟಿರುವ ನಮ್ಮ ಗೆಳೆಯ ಕೂತಲ್ಲಿಂದಲೇ ತಿರುಗೇಟು ಕೊಟ್ಟ: ‘ಅದು ಕೆಣಕೋ ಪದ ಕಣಲೇ. ಲೋಕದ ಚಿಂತೆಯೆಲ್ಲ ತಲೆ ಮ್ಯಾಲೆ ಹೊತ್ಕಂಡೋನನ್ನ ಕೆಣಕ್ತಾ ಐತೆ. ಯಾರಾನ ಅಳ್ತಾ ಅಳ್ತಾ ಕೆಣಕ್ತಾರೇನು?’ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ಆ ಹಾಡಿನ ಬಗ್ಗೆ ನಾನು ಎಲ್ಲೂ ಓದಿಲ್ಲ.

‘ಕೊಡಗನ ಕೋಳಿ’ಯ ವಿಷಯದಲ್ಲಿ ಮಾತ್ರ ನಾನು ಅಶ್ವಥ್ ಪಕ್ಷ. ಬೆಡಗಿನ ಪದ ಅದು. ಕೋಳಿ ಕೋತಿಯನ್ನು ನುಂಗುವಲ್ಲಿಂದ ಹಿಡಿದು ಎಲ್ಲವೂ ತಲೆಕೆಳಗು. ಅಲ್ಲಿ ಒಂದು ಮಾತು ಕೈತಪ್ಪಿದರೂ ಒಗಟೇ ಕೈತಪ್ಪಿದ ಹಾಗೆ. ಸಿ. ಅಶ್ವಥ್ ಹಾಡುವಾಗ ಒಂದೊಂದು ಶಬ್ದವನ್ನೂ ಎದೆಯಿಂದ ಎತ್ತಿ ಕಲ್ಲಿನ ಮೇಲೆ ಇಟ್ಟ ಹಾಗೆ ಇಡುತ್ತಾರೆ, ದೂರದ ಮೈಕಿನಲ್ಲೂ ಅಕ್ಷರ ಕಲಸಿಹೋಗುವುದಿಲ್ಲ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದ ಮೇಲಂತೂ ಆ ದನಿಯೇ ಶರೀಫರ ದನಿ ಎಂಬಂತೆ ಮನೆಮನೆಯಲ್ಲಿ ನಿಂತುಬಿಟ್ಟಿತು. ಬ್ಯಾಂಡಿನ ರೂಪದಲ್ಲಿ ಹುರುಪು ಹೆಚ್ಚು, ಒಗಟು ಕಡಿಮೆ. ನಾನು ಹೀಗೆಂದಾಗ ತಮಟೆ ಬಾರಿಸುವ ಗೆಳೆಯ ನನ್ನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ‘ಮಾತು ಬಿಡು, ಕೆಳಗಡೆ ಗುಂಯ್ ಅಂತೈತಲ್ಲ, ಅದನ್ನ ಹಿಡ್ಕೋ. ನಮ್ಮ ಉರುಮೆ ಉಜ್ಜೋದು ಅಲ್ಲೇ’ ಎಂದ. ಅದು ಬೇಸ್ ಗಿಟಾರ್, ಬಹುಕಾಲ ಈ ತಂಡದಲ್ಲಿ ಗೌರವ್ ವಾಜ್ ನುಡಿಸುತ್ತಿದ್ದದ್ದು. ಅಷ್ಟು ದಿನ ನನ್ನ ಕಿವಿ ಆ ಮೆಟ್ಟಿಲಿಗೆ ಇಳಿದೇ ಇರಲಿಲ್ಲ. ಹಾಡಿನ ಬಗ್ಗೆ ಅಭಿಪ್ರಾಯ ಬದಲಾಗಲಿಲ್ಲ, ಆದರೆ ಕೇಳಲು ಹೊಸ ಜಾಗವೊಂದು ಸಿಕ್ಕಿತು. ಜಗಳದ ಲಾಭವೆಂದರೆ ಇಂಥದ್ದು. ಗೆದ್ದವರು ಸೋತವರು ಯಾರೂ ಇಲ್ಲದೆ ಎಲ್ಲರ ಕಿವಿಯೂ ಒಂದಿಷ್ಟು ದೊಡ್ಡದಾಗುತ್ತದೆ.

ಗಿಟಾರ್ ಹೊರಗಿನದು, ಶರೀಫರಿಗೆ ಒಗ್ಗದು ಎಂಬ ವಾದ ಪ್ರತಿಸಲವೂ ಬರುತ್ತದೆ. ನಿವೃತ್ತ ಮೇಷ್ಟ್ರೊಬ್ಬರು ಒಂದು ಸಲ ಇದಕ್ಕೆ ಸಮಾಧಾನ ಹೇಳಿದರು. ಭಜನೆಯ ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದದ್ದು, ಪಿಟೀಲೂ ಅಷ್ಟೇ, ಅವೆರಡನ್ನೂ ಈಗ ಹೊರಗಿನವು ಅನ್ನುವವರು ಯಾರು? ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರು ಯಾವ ಧಾಟಿಯಲ್ಲಿ ಹಾಡಿದರೋ ಹಿಡಿದಿಡುವ ಯಂತ್ರ ಅಲ್ಲಿರಲಿಲ್ಲ. ಪದ ಬಾಯಿಂದ ಬಾಯಿಗೆ ದಾಟಿತು, ಊರೂರಿಗೆ ಧಾಟಿ ಬೇರೆಯಾಯಿತು. ಅಶ್ವಥ್ ಕೂಡ ತಮ್ಮ ಧಾಟಿ ತಾವೇ ಕಟ್ಟಿದವರು. ಇಷ್ಟು ಹೇಳಿ ಮೇಷ್ಟ್ರು ನಮ್ಮೂರಿನ ಕಥೆಗೇ ಬಂದರು. ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಮೈಸೂರು ಸೀಮೆ ಸುತ್ತಿದಾಗ ಮತ್ತೋಡಿನಲ್ಲಿ ಬಳೆಯ ಗಾಜು ಮಾಡುತ್ತಿದ್ದ ಕುಲುಮೆಗಳನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಬೆಣಚುಕಲ್ಲನ್ನು ಪುಡಿ ಮಾಡಿ, ಚೌಳಿನಿಂದ ತೆಗೆದ ಉಪ್ಪು ಬೆರೆಸಿ ಕಾಯಿಸಿದರೆ ಗಾಜು. ‘ನೀವು ಕೂತಿರೋ ಮಾಳಿಗೆಗೂ ಚೌಳೇ, ನಮ್ಮ ಮುತ್ತಜ್ಜಿಯರ ಕೈಬಳೆಗೂ ಚೌಳೇ’ ಎಂದರು ಮೇಷ್ಟ್ರು. ‘ಅವರು ಅದನ್ನ ಕುಲುಮೆಗೆ ಹಾಕಿದ್ರು ಅಂತ ಯಾರೂ ಜಗಳಕ್ಕೆ ಹೋಗ್ಲಿಲ್ಲ. ಪದಾನೂ ಹಂಗೇ. ಬಳೆ ಚೆನ್ನಾಗೈತಾ ಇಲ್ವಾ, ಅಷ್ಟು ಕೇಳ್ರಿ.’

ಆ ಕುಲುಮೆಗಳು ಈಗಿಲ್ಲ. ಆದರೆ ಬುಕನನ್‌ನ ಹೆಸರು ಬಂದ ದಿನದಿಂದ ನಮ್ಮ ಚರ್ಚೆಯ ಧಾಟಿ ಬದಲಾಯಿತು. ಯಾವ ವಾದ್ಯ ಎಂಬ ಪ್ರಶ್ನೆ ಹಿಂದೆ ಬಿತ್ತು, ಕೆಲಸ ಹೇಗಿದೆ ಎಂಬುದು ಮುಂದೆ ಬಂತು.

ಇದೇ ಕಾಲದಲ್ಲಿ ರಘುವಿನ ತಮ್ಮ ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’ ಕೂಡ ಮಾಳಿಗೆ ಹತ್ತಿತು. 2009ರಲ್ಲಿ ಮೊದಲ ಆಲ್ಬಂ, 2012ರಲ್ಲಿ ‘ಟೋಪಿವಾಲೆ’. ಅಣ್ಣನೋ ತಮ್ಮನೋ ಎಂಬ ಚರ್ಚೆಯಲ್ಲಿ ನಮ್ಮ ಗುಂಪು ಇನ್ನೊಂದು ಸಲ ಒಡೆಯಿತು. ಸ್ವರಾತ್ಮದ್ದು ಹೆಚ್ಚು ಬೀದಿಯ, ರಾಜಕೀಯದ, ಪ್ರಶ್ನೆ ಕೇಳುವ ಹಾಡು. ವಾಸು ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ವೇದಿಕೆಗೆ ಬಂದ ಚಿತ್ರ ನೋಡಿದ ನಮ್ಮ ತಮಟೆ ಗೆಳೆಯ ಅಂದೇ ತಮ್ಮನ ಕಡೆ ವಾಲಿದವನು ಮತ್ತೆ ಈಚೆಗೆ ಬರಲಿಲ್ಲ. ಕೀಲುಕುದುರೆ ಕುಣಿತ ಜಾತ್ರೆಯಲ್ಲಿ ನೋಡುತ್ತ ಬೆಳೆದವನಿಗೆ ಅದು ತನ್ನ ಮನೆಯವರೇ ಟಿವಿಯಲ್ಲಿ ಬಂದಷ್ಟು ಹೆಮ್ಮೆ.

ಆಮೇಲೆ ಗುಂಪು ಚದುರಿತು. ಬೆಂಗಳೂರು, ದಾವಣಗೆರೆ, ತುಮಕೂರು ಎಂದು ಒಬ್ಬೊಬ್ಬರು ಒಂದೊಂದು ಕಡೆ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933ರ ಮೇಲೆ ಮೊದಲ ಸಲ. ಅದನ್ನು ನೋಡಲು ಎಲ್ಲರೂ ಊರಿಗೆ ಬಂದರು. ಆ ಜಲಾಶಯವಿರುವ ಮಾರಿಕಣಿವೆಗೆ ಹೋಗುವ ದಾರಿಯಲ್ಲಿ ಜನಜಂಗುಳಿ, ಕಾರು ಮುಂದೆ ಸರಿಯದು. ಯಾರೋ ‘ಅಂತರಾಗ್ನಿ’ ಹಾಕಿದರು, ಜಗಳ ಬಿಟ್ಟ ಜಾಗದಿಂದಲೇ ಶುರುವಾಯಿತು. ತೂಬು, ಕಾಲುವೆ, ಅಚ್ಚುಕಟ್ಟಿನ ಮಾತಾಡುತ್ತಿದ್ದ ಹಿರಿಯರೊಬ್ಬರು ಹಿಂದಿನ ಸೀಟಿನಿಂದ ‘ಮಾಳಿಗಿ ಹಾಡು ಬರ್ಲಿ ಮೊದ್ಲು’ ಎಂದು ಅಪ್ಪಣೆ ಮಾಡಿದರು. ಕ್ರಮ ತಪ್ಪುತ್ತದೆ ಎಂದು ಗೊತ್ತಿದ್ದೂ ಅವತ್ತು ನಾನು ಅಡ್ಡ ಬರಲಿಲ್ಲ.

2025ರಲ್ಲಿ ಮೂರನೆಯ ಆಲ್ಬಂ ‘ಶಕ್ಕರ್’ ಬಂದಿದೆ. ಹನ್ನೆರಡು ವರ್ಷ ಕಾಯಿಸಿ ಬಂದದ್ದು. ಹೆಸರಿನ ಮುನಿಸು ಈ ಸಲವೂ ತಪ್ಪಲಿಲ್ಲ. ಈಗ ಹಾಡು ಫೋನಿಗೆ ಒಂದೊಂದಾಗಿ ಬರುತ್ತದೆ, ಕೆಲವರು ಅರ್ಧ ನಿಮಿಷದ ತುಣುಕು ಕೇಳಿ ತೀರ್ಪು ಕೊಟ್ಟುಬಿಡುತ್ತಾರೆ. ಅದು ನನಗೆ ಸಂಕಟದ ವಿಷಯ. ಒಂದು ತಂಡ ಇಷ್ಟು ವರ್ಷ ಕೂತು ಕಟ್ಟಿದ್ದಕ್ಕೆ ಒಂದು ರಾತ್ರಿಯನ್ನಾದರೂ ಕೊಡಬೇಡವೇ? ಬೆಂಗಳೂರಿನ ಗೆಳೆಯ ಫೋನಿನಲ್ಲೇ, ‘ದನಿ ಪಳಗೈತೆ ಕಣೋ, ಆದ್ರೆ ಅಂತರಾಗ್ನಿಯ ಬೆಂಕಿ ಇಲ್ಲ’ ಎಂದ. ಮೂರನ್ನೂ ಸಾಲಾಗಿ ಕೇಳದೆ ಆ ಮಾತು ಒಪ್ಪುವುದಿಲ್ಲ ಎಂದೆ. ಯುಗಾದಿಗೆ ಬರುತ್ತಾನಂತೆ. ಮೊದಲ ಸುತ್ತಿನಲ್ಲಿ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದಾನೆ, ತಮಟೆಯವನನ್ನೂ ಕರೆಸಬೇಕು ಎಂಬ ಷರತ್ತಿನ ಮೇಲೆ.