ಕರಿನೀರಿನ ನಾಡಿನಲ್ಲಿ ಆರು ದಿನ

ಚಳಿಗಾಲದ ರಜೆಯಲ್ಲಿ ಅಂಡಮಾನ್ ದ್ವೀಪಗಳಿಗೆ ಹೋಗಿಬರುವುದೆಂದು ನಾವು ನಿಶ್ಚಯಿಸಿದಾಗ, ಮಕ್ಕಳು ನೋಡಬೇಕಾದ ಸ್ಥಳಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಅದರಲ್ಲಿ ಮೊದಲು ಕಡಲತೀರ, ಬಳಿಕ ಹವಳದ ದಿಬ್ಬ, ಗಾಜಿನ ತಳದ ದೋಣಿ. ಸೆಲ್ಯುಲರ್ ಸೆರೆಮನೆಗೆ ದೊರೆತದ್ದು ಕೊನೆಯ ದಿನದ ಒಂದು ಗಂಟೆ ಮಾತ್ರ. ಎಪ್ಪತ್ತು ದಾಟಿದ ನಮ್ಮ ಅವ್ವ ಇದನ್ನು ಒಪ್ಪಲಿಲ್ಲ. "ಸಣ್ಣಾಕಿ ಇದ್ದಾಗಿಂದ ಕರಿನೀರು, ಕರಿನೀರು ಅಂತ ಕೇಳೇನಿ. ಮೊದಲ ಅದನ್ನ ತೋರಸ್ರಿ" ಎಂದರು. ವಿಹಾರವನ್ನು ಸೆರೆಮನೆಯಿಂದ ಆರಂಭಿಸುವುದೇ ಎಂದು ನಾವು ಅಳುಕಿದೆವು. ಆದರೂ ಹಿರಿಯರ ಮಾತನ್ನು ಮೀರಲಾಗಲಿಲ್ಲ.

ಬಂಗಾಳ ಕೊಲ್ಲಿಯಲ್ಲಿ, ಚೆನ್ನೈನಿಂದ ಸುಮಾರು 1200 ಕಿ.ಮೀ. ದೂರದಲ್ಲಿ ಈ ದ್ವೀಪಮಾಲೆಯಿದೆ. ಹಡಗಿನಲ್ಲಿ ಹೊರಟರೆ ಎರಡು-ಮೂರು ದಿನಗಳ ಪ್ರಯಾಣ. ವಿಮಾನದಲ್ಲಿ ಎರಡು ಗಂಟೆಗಳ ಸುಮಾರು. ನಾವೆಲ್ಲ ಪೋರ್ಟ್ ಬ್ಲೇರ್ ಎಂದು ಓದಿದ ರಾಜಧಾನಿಗೆ 2024ರಿಂದ ಶ್ರೀ ವಿಜಯಪುರಂ ಎಂದು ಹೆಸರು. 1857ರ ಬಂಡಾಯದ ಕೈದಿಗಳನ್ನು 1858ರ ಮಾರ್ಚ್‌ನಲ್ಲಿ ಹಡಗಿನಲ್ಲಿ ತಂದು ಇಲ್ಲಿ ಇಳಿಸಿದಂದಿನಿಂದ 'ಕರಿನೀರಿನ ಶಿಕ್ಷೆ' ಎಂಬ ಮಾತಿಗೆ ಈ ನಾಡೇ ಅರ್ಥವಾಯಿತು.

ಸೆಲ್ಯುಲರ್ ಸೆರೆಮನೆಯ ನಿರ್ಮಾಣ 1896ರಲ್ಲಿ ಆರಂಭವಾಗಿ 1906ರಲ್ಲಿ ಮುಗಿಯಿತು. ನಡುವೆ ಒಂದು ಗೋಪುರ. ಅದರಿಂದ ಚಕ್ರದ ಅರಗಳಂತೆ ಹೊರಟ ಏಳು ಸಾಲು, ಮೂರು ಅಂತಸ್ತು. ಈಗ ಉಳಿದಿರುವುವು ಮೂರೇ ಸಾಲುಗಳು. ಒಂದು ಸಾಲಿನ ಕೋಣೆಗಳ ಮುಖ ಮತ್ತೊಂದು ಸಾಲಿನ ಬೆನ್ನಿಗೆ ಎದುರಾಗಿದೆ. ಆದ್ದರಿಂದ ಕೈದಿಗೆ ಕೈದಿಯ ಮುಖ ಕಾಣುತ್ತಿರಲಿಲ್ಲ. ಸಾವರ್ಕರ್ ಸೋದರರಿಬ್ಬರೂ ಇದೇ ಸೆರೆಮನೆಯಲ್ಲಿದ್ದರು. 1933ರ ಉಪವಾಸ ಸತ್ಯಾಗ್ರಹದಲ್ಲಿ ಮಹಾವೀರ ಸಿಂಗ್ ಸೇರಿ ಮೂವರು ಪ್ರಾಣ ತೆತ್ತರು. 1979ರಲ್ಲಿ ಇದು ರಾಷ್ಟ್ರೀಯ ಸ್ಮಾರಕವಾಯಿತು.

ಕೈದಿಗಳು ಎತ್ತುಗಳಂತೆ ತಿರುಗಿ ಕೊಬ್ಬರಿ ಎಣ್ಣೆ ತೆಗೆಯುತ್ತಿದ್ದ ಗಾಣದ ಮಾದರಿಯನ್ನು ನೋಡಿ ನಾವು ಮುಂದೆ ನಡೆದೆವು. ಅವ್ವ ಒಂದು ಕೋಣೆಯೊಳಗೆ ಹೋಗಿ ಗೋಡೆಗೆ ಕೈಯಿಟ್ಟು ನಿಂತರು. ಹದಿಮೂರೂವರೆ ಅಡಿ ಉದ್ದ, ಏಳು ಅಡಿ ಅಗಲ. ಕೈಗೆಟುಕದ ಎತ್ತರದಲ್ಲಿ ಒಂದು ಗವಾಕ್ಷಿ. ಅಗುಳಿಯನ್ನು ಬಾಗಿಲಿನಿಂದಾಚೆ, ಗೋಡೆಯ ಗೂಡಿನಲ್ಲಿ ಅಳವಡಿಸಿದ್ದಾರೆ. ಮೊಮ್ಮಗ ಸರಳುಗಳ ನಡುವೆ ಕೈಚಾಚಿ ಅದನ್ನು ಮುಟ್ಟಲು ಬಹಳ ಹೊತ್ತು ಯತ್ನಿಸಿದ. ಮುಟ್ಟಲಾಗದೆ ಹೊರಗೆ ಬಂದವನ ಮುಖದಲ್ಲಿ ನಗೆಯಿರಲಿಲ್ಲ.

ಮಾಳಿಗೆಗೆ ಏರಿದಾಗ ನೀಲಿ ಹಸುರು ಬಣ್ಣದ ಕಡಲು ಕಣ್ಣುಗಳನ್ನು ತುಂಬಿತು. "ಅಜ್ಜಿ, ಇಷ್ಟು ಚಂದ ಸಮುದ್ರದ ಬಾಜೂಕ ಜೈಲು ಯಾಕ ಕಟ್ಟಿದ್ರು?" ಎಂದು ಮೊಮ್ಮಗ ಕೇಳಿದ. ಅವ್ವ ತಡೆದು, "ನಮಗ ಅದು ಚಂದ ಅದ. ಅವರಿಗೆ ಅದ ಗೋಡಿ ಆಗಿತ್ತಪ್ಪಾ" ಎಂದರು. ನಮಗಾರಿಗೂ ಆ ಉತ್ತರ ಹೊಳೆದಿರಲಿಲ್ಲ.

ಆ ಮಾಳಿಗೆಯಿಂದ ಎದುರಿಗೇ ಕಾಣುವ ಪುಟ್ಟ ದ್ವೀಪ ಹಿಂದಿನ ರಾಸ್. 2018ರಿಂದ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. ಮರುದಿನ ದೋಣಿಯಲ್ಲಿ ಅಲ್ಲಿಗೆ ಹೋದೆವು. ಆಂಗ್ಲ ಅಧಿಕಾರಿಗಳ ಬಂಗಲೆ, ಚರ್ಚು, ನೃತ್ಯಶಾಲೆ, ಬ್ರೆಡ್ಡಿನ ಭಟ್ಟಿ ಎಲ್ಲವೂ ಅಲ್ಲಿದ್ದವು. 1941ರ ಭೂಕಂಪ ಹಾಗೂ 1942ರ ಜಪಾನೀಯರ ಆಕ್ರಮಣದೊಡನೆ ಆ ವೈಭವ ಮುಗಿಯಿತು. ಇಂದು ಪಾಳುಗೋಡೆಗಳನ್ನು ಮರದ ಬೇರುಗಳು ಅಪ್ಪಿಕೊಂಡಿವೆ. ಜಿಂಕೆಗಳು ನಿರ್ಭಯವಾಗಿ ಅಡ್ಡಾಡುತ್ತವೆ. ಕೈದಿಗಳ ದುಡಿಮೆಯಿಂದ ಎದ್ದ ಅರಮನೆಗಳಲ್ಲಿ ಇಂದು ವಾಸಿಸುವವರು ಯಾರೂ ಇಲ್ಲ.

ಬಳಿಕ ಎರಡು ಗಂಟೆಗಳ ಸುಮಾರು ಹಡಗಿನಲ್ಲಿ ಸಾಗಿ ಹ್ಯಾವ್‌ಲಾಕ್, ಅಂದರೆ ಈಗಿನ ಸ್ವರಾಜ್ ದ್ವೀಪಕ್ಕೆ ಬಂದೆವು. ಅಲ್ಲಿನ ರಾಧಾನಗರ ತೀರದ ಬಿಳಿಯ ಮರಳು, ಹಿಂದೆ ಎತ್ತರದ ಕಾಡು, ಮುಂದೆ ತಿಳಿಯಾದ ನೀರು, ಇವನ್ನು ಎಷ್ಟು ಬಣ್ಣಿಸಿದರೂ ಸಾಲದು. ಮಕ್ಕಳು ಮನದಣಿಯೆ ಆಡಿದರು. ಅವ್ವ ಸೀರೆಯ ಅಂಚನ್ನು ಎತ್ತಿಹಿಡಿದು ಮೊಣಕಾಲುಮಟ್ಟ ನೀರಿನಲ್ಲಿ ನಿಂತು, ಬೊಗಸೆಯಲ್ಲಿ ನೀರೆತ್ತಿ ನೋಡಿ, "ನೀರು ಕರೇದಲ್ಲ" ಎಂದಷ್ಟೇ ನುಡಿದರು.

ಹೊರಡುವವರಿಗೆ ಕೆಲವು ಮಾತು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಹವೆ ಹಿತಕರ. ಚಳಿಗಾಲದಲ್ಲಿ ಸಂಜೆ ಐದಕ್ಕೇ ಹೊತ್ತು ಮುಳುಗುವುದರಿಂದ ಬೆಳಗ್ಗೆ ಬೇಗ ಹೊರಡಬೇಕು. ತಮಿಳರು ಬಹಳ ಮಂದಿ ನೆಲೆಸಿರುವ ರಾಜಧಾನಿಯಲ್ಲಿ ಇಡ್ಲಿ, ದೋಸೆ, ಅನ್ನ-ಸಾರಿಗೆ ಕೊರತೆಯಿಲ್ಲ, ಸಸ್ಯಾಹಾರಿಗಳು ಚಿಂತಿಸಬೇಕಾಗಿಲ್ಲ. ಹವಳವನ್ನು ಕಣ್ಣಿನಿಂದ ನೋಡಿ ಸಂತೋಷಪಡಬೇಕೇ ಹೊರತು ಮುಟ್ಟಬಾರದು. ಅದರ ತುಂಡನ್ನು ಮನೆಗೆ ತರುವುದು ಕಾನೂನಿನ ಪ್ರಕಾರ ಅಪರಾಧ.

ಎಲ್ಲಕ್ಕಿಂತ ಮಿಗಿಲಾಗಿ ನಮ್ಮದೊಂದು ಬಿನ್ನಹ. ಸೆರೆಮನೆಯನ್ನು ಕೊನೆಯ ದಿನಕ್ಕೆ ಉಳಿಸಬೇಡಿ. ಅದನ್ನು ಮೊದಲು ಕಂಡುದರಿಂದ ನಮ್ಮ ವಿಹಾರದ ಸಂತೋಷ ಕುಂದಲಿಲ್ಲ. ಕಡಲಿನ ಮುಂದೆ ಇಷ್ಟಬಂದಷ್ಟು ಹೊತ್ತು ನಿಂತು, ಇಷ್ಟಬಂದಾಗ ಮನೆಗೆ ಮರಳುವ ಭಾಗ್ಯದ ಬೆಲೆ ಏನೆಂಬುದು ಮಕ್ಕಳಿಗೂ ನಮಗೂ ತಿಳಿಯಿತು.