ಮನೆಯ ಲೆಕ್ಕ, ನಾಡಿನ ಲೆಕ್ಕ

ಸುಭಿಕ್ಷ ಕಾಲದಲ್ಲಿ ಅರ್ಥಶಾಸ್ತ್ರದ ಪಾಠ ಸುಗಮವಾಗಿ ಸಾಗುತ್ತದೆ; ಮುಗ್ಗಟ್ಟಿನ ಕಾಲದಲ್ಲಿ ಅದು ಪರೀಕ್ಷೆಗೆ ಒಳಗಾಗುತ್ತದೆ. ಬೇಡಿಕೆ, ಪೂರೈಕೆ, ಬಂಡವಾಳ ಎಂಬ ಶಬ್ದಗಳನ್ನು ವಿದ್ಯಾರ್ಥಿಗಳು ಎಂದಿನಂತೆ ಅಂಕಗಳಿಗಾಗಿ ಕಂಠಪಾಠ ಮಾಡುತ್ತಾರೆ. ಮನೆಯ ಆದಾಯ ಕುಗ್ಗಿದಾಗ ಮಾತ್ರ ಅವುಗಳ ಅರ್ಥವನ್ನು ಕೇಳತೊಡಗುತ್ತಾರೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಅನೇಕ ವರ್ಷ ಈ ವಿಷಯವನ್ನು ಬೋಧಿಸಿದ ನನಗೆ 2008–09ನೆಯ ಶೈಕ್ಷಣಿಕ ವರ್ಷ ಇದನ್ನು ಚೆನ್ನಾಗಿ ಮನಗಾಣಿಸಿತು.

ಧಾರವಾಡಕ್ಕೆ ಹೋಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಹಬ್ಬಿರುವ ವಿದ್ಯಾನಗರವು ಹೆಸರಿಗೆ ತಕ್ಕ ಬಡಾವಣೆ. 1947ರಲ್ಲಿ ಆರಂಭವಾದ ಭೂಮರಡ್ಡಿ ಕಾಲೇಜು ಇಂದು ತಾಂತ್ರಿಕ ವಿಶ್ವವಿದ್ಯಾಲಯವಾಗಿ ಬೆಳೆದಿರುವುದು ಇಲ್ಲಿಯೇ. ಸುತ್ತಣ ಹಳ್ಳಿಗಳ ಮಕ್ಕಳು ಬಾಡಿಗೆಯ ಕೋಣೆಗಳಲ್ಲಿದ್ದು ಓದುತ್ತಾರೆ. ಅವರಲ್ಲಿ ಅನೇಕರ ಬೆನ್ನ ಹಿಂದೆ ತಂದೆಯ ಸಾಲವೂ ಇರುತ್ತದೆ. ಆ ವರ್ಷ ಅಂತಹ ಒಬ್ಬ ತರುಣನಿಗೆ ಬೆಂಗಳೂರಿನ ಕಂಪನಿಯೊಂದರಿಂದ ನೇಮಕಾತಿಯ ಪತ್ರ ಬಂದಿತ್ತು. ಆದರೆ ಕೆಲಸಕ್ಕೆ ಸೇರುವ ದಿನಾಂಕ ಮುಂದೆ ಮುಂದೆ ಹೋಗುತ್ತಲೇ ಇತ್ತು. "ಸರ್, ಅಮೇರಿಕಾದಾಗ ಬ್ಯಾಂಕ್ ಮುಳುಗಿದ್ರ ನಮ್ಮ ನೌಕರಿ ಯಾಕ್ರಿ ನಿಲ್ಲಬೇಕು?" ಎಂದು ಅವನು ಕೇಳಿದ.

2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೇಮನ್ ಬ್ರದರ್ಸ್ ಸಂಸ್ಥೆ ದಿವಾಳಿಯೆದ್ದಿತು. ತೀರಿಸುವ ಶಕ್ತಿಯಿಲ್ಲದವರಿಗೂ ಮನೆಸಾಲ ಕೊಟ್ಟು, ಆ ಸಾಲಪತ್ರಗಳನ್ನೇ ಗಂಟುಕಟ್ಟಿ ಕೈಯಿಂದ ಕೈಗೆ ಮಾರಿದ್ದರ ಫಲವದು. ಮನೆಗಳ ಬೆಲೆ ಇಳಿದೊಡನೆ ಗಂಟಿನಲ್ಲಿ ಸತ್ವವೆಷ್ಟು, ಹೊಟ್ಟೆಷ್ಟು ಎಂಬುದು ಯಾರಿಗೂ ತಿಳಿಯದಾಯಿತು. ಬ್ಯಾಂಕು ಬ್ಯಾಂಕನ್ನು ನಂಬಲಿಲ್ಲ. ಸಾಲದ ಹರಿವು ನಿಂತಿತು. ಅಲ್ಲಿಯ ಸಂಸ್ಥೆಗಳು ಬೆಂಗಳೂರಿಗೆ ಹೊಸ ಕೆಲಸ ಒಪ್ಪಿಸುವುದನ್ನು ತಡೆದವು. ಆ ತಡೆಯ ಕೊನೆಯ ಕೊಂಡಿಯೇ ವಿದ್ಯಾನಗರದ ತರುಣನ ಪತ್ರ.

ಇಷ್ಟು ಅವನಿಗೆ ಅರ್ಥವಾಯಿತು. ಮುಂದಿನ ಮೆಟ್ಟಿಲು ಕಠಿಣವಾಗಿತ್ತು. ಕಷ್ಟ ಬಂದಾಗ ಕೈಬಿಗಿ ಹಿಡಿಯಬೇಕೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ಮನೆಯ ಮಟ್ಟಿಗೆ ಅದು ನಿಜ. ಆದರೆ ಊರಿನವರೆಲ್ಲರೂ ಒಮ್ಮೆಲೇ ಕೈಬಿಗಿ ಹಿಡಿದರೆ ಏನಾಗುತ್ತದೆ? ಹೊಸ ಮೋಟಾರು ಸೈಕಲ್ಲನ್ನು ಇವನು ಕೊಳ್ಳದಿದ್ದರೆ ಅಂಗಡಿಯವನಿಗೆ ವ್ಯಾಪಾರವಿಲ್ಲ. ಅಂಗಡಿಯವನು ಬೇಡಿಕೆ ಕಳಿಸದಿದ್ದರೆ ಕಾರ್ಖಾನೆಗೆ ಕೆಲಸವಿಲ್ಲ. ಅದಕ್ಕೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕದಲ್ಲಿ ಕೂಲಿಕಾರನಿಗೆ ಪಗಾರವಿಲ್ಲ. ಒಬ್ಬನ ಖರ್ಚೇ ಇನ್ನೊಬ್ಬನ ಆದಾಯ. ಆದುದರಿಂದ ಪ್ರತಿಯೊಬ್ಬನ ವಿವೇಕ ಕೂಡಿ ಎಲ್ಲರ ಸಂಕಟವಾಗಬಲ್ಲದು.

"ಹಂಗಾದ್ರ ನಮ್ಮಪ್ಪ ಖರ್ಚು ಕಡಿಮಿ ಮಾಡಿದ್ದು ತಪ್ಪೇನ್ರಿ?" ಎಂಬುದು ಅವನ ಮರುಪ್ರಶ್ನೆ. ತಪ್ಪಲ್ಲ, ಸಾಲ ಹೊತ್ತ ಬಡವನು ಬೇರೇನು ಮಾಡಬಲ್ಲ? ಅವನು ಖರ್ಚು ಮಾಡಲಾರದಾಗ ಮಾಡಬೇಕಾದುದು ಸರಕಾರ. 1936ರಲ್ಲಿ ಕೇನ್ಸ್ ಎಂಬ ಆಂಗ್ಲ ಅರ್ಥಶಾಸ್ತ್ರಜ್ಞನು ಪ್ರತಿಪಾದಿಸಿದ ವಿಚಾರದ ಸಾರವಿದು. ನಮ್ಮ ರಿಸರ್ವ್ ಬ್ಯಾಂಕು ಶೇ. 9ರಷ್ಟಿದ್ದ ರೆಪೊ ದರವನ್ನು 2009ರ ಏಪ್ರಿಲ್ ವೇಳೆಗೆ ಶೇ. 4.75ಕ್ಕೆ ಇಳಿಸಿತು. ಕೇಂದ್ರ ಸರಕಾರವು 2008ರ ಡಿಸೆಂಬರಿನಲ್ಲಿ ಅಬಕಾರಿ ಸುಂಕವನ್ನು ಕಡಿಮೆ ಮಾಡಿತು. ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯು ಅದೇ ವರ್ಷದ ಏಪ್ರಿಲಿನಿಂದ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳಿಗೂ ವಿಸ್ತರಿಸಿದ್ದುದು ಈ ಸಂಕಟದಲ್ಲಿ ಆಸರೆಯಾಯಿತು. ದೇಶದ ಉತ್ಪನ್ನ ಕುಗ್ಗಲಿಲ್ಲ. ಬೆಳವಣಿಗೆಯ ವೇಗ ಮಾತ್ರ ತಗ್ಗಿತು.

ಔಷಧಕ್ಕೂ ಬೆಲೆಯುಂಟು. 2007–08ರಲ್ಲಿ ರಾಷ್ಟ್ರೀಯ ಉತ್ಪನ್ನದ ಶೇ. 2.5ರಷ್ಟಿದ್ದ ಕೇಂದ್ರದ ವಿತ್ತೀಯ ಕೊರತೆ ಮರುವರ್ಷ ಸುಮಾರು ಶೇ. 6ಕ್ಕೆ ಏರಿತು. 2009ರ ಮಳೆಯ ಅಭಾವವೂ ಸೇರಿ ಆಹಾರ ಪದಾರ್ಥಗಳು ತುಟ್ಟಿಯಾದವು. 2010ರ ಮಾರ್ಚಿನಿಂದ ಬಡ್ಡಿಯ ದರವನ್ನು ಮತ್ತೆ ಏರಿಸಬೇಕಾಯಿತು. ಸರಕಾರದ ಸಾಲವನ್ನು ಮುಂದೆ ತೀರಿಸುವವರು ಇಂದಿನ ವಿದ್ಯಾರ್ಥಿಗಳೇ ಎಂಬುದನ್ನು ನಾನು ತರಗತಿಯಲ್ಲಿ ಮುಚ್ಚಿಡಲಿಲ್ಲ.

ಎಲ್ಲ ಹಿಂಜರಿತಗಳಿಗೂ ಒಂದೇ ಮದ್ದಿಲ್ಲವೆಂಬುದನ್ನೂ ಹೇಳಬೇಕು. 1979–80ರಲ್ಲಿ ರಾಷ್ಟ್ರೀಯ ಉತ್ಪನ್ನ ಶೇ. 5ರಷ್ಟು ಕುಸಿದುದಕ್ಕೆ ಬರಗಾಲವೂ ತೈಲದ ಬೆಲೆಯೇರಿಕೆಯೂ ಮುಖ್ಯ ಕಾರಣಗಳು; ಬಡ್ಡಿ ಇಳಿಸಿದರೆ ಮಳೆ ಬರುವುದಿಲ್ಲ. 2020ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಕೋವಿಡ್ ದಿಗ್ಬಂಧನದಿಂದ ಉತ್ಪನ್ನವು ಹಿಂದಿನ ವರ್ಷಕ್ಕಿಂತ ಸುಮಾರು ನಾಲ್ಕನೆಯ ಒಂದು ಭಾಗ ಕಡಿಮೆಯಾಯಿತು. ಆಗ ಕೊಳ್ಳುವವನೂ ಮಾರುವವನೂ ಮನೆಯೊಳಗೇ ಇದ್ದರು. ರೆಪೊ ದರ ಶೇ. 4ಕ್ಕೆ ಇಳಿದರೂ ಬಾಗಿಲು ಮುಚ್ಚಿದ ಅಂಗಡಿಗೆ ಅದರಿಂದ ಒಡನೆಯೇ ಆದ ಪ್ರಯೋಜನ ಅಲ್ಪ. ಬಡವರಿಗೆ ಮೊದಲು ಬೇಕಾದುದು ಅಕ್ಕಿ, ಗೋಧಿ ಮತ್ತು ಕೈಗೆ ನಾಲ್ಕು ಕಾಸು.

ನನ್ನ ವಿವರಣೆಯಿಂದ ಆ ತರುಣನಿಗೆ ನೌಕರಿ ದೊರೆಯಲಿಲ್ಲ. ಆದರೆ ನೌಕರಿ ತಡೆದುದು ತನ್ನ ಅನರ್ಹತೆಯಿಂದ ಎಂಬ ಕೊರಗು ಅವನ ಮನಸ್ಸಿನಿಂದ ಇಳಿಯಿತು. ಮುಗ್ಗಟ್ಟಿನ ದಿನಗಳಲ್ಲಿ ತರುಣರು ತಮ್ಮನ್ನೇ ಹಳಿದುಕೊಳ್ಳುವುದು, ತಂದೆತಾಯಿಗಳು ಮಕ್ಕಳನ್ನು ಹಳಿಯುವುದು ಸಾಮಾನ್ಯ. ಮನೆಯ ಲೆಕ್ಕದಿಂದ ನಾಡಿನ ಲೆಕ್ಕವನ್ನು ಬೇರ್ಪಡಿಸಿ ತೋರಿಸಿದರೆ ಈ ಅನ್ಯಾಯವಾದರೂ ತಪ್ಪುತ್ತದೆ. ಶಿಕ್ಷಕರೂ ಪಾಲಕರೂ ಇಷ್ಟನ್ನು ಮಾಡಲು ದೊಡ್ಡ ಗ್ರಂಥಗಳು ಬೇಕಿಲ್ಲ; ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರಿಸುವ ತಾಳ್ಮೆಯಿದ್ದರೆ ಸಾಕು.