ಪತ್ತೇದಾರಿ ಕಾದಂಬರಿಯೂ ನಮ್ಮ ಮಕ್ಕಳ ಕನ್ನಡವೂ

ಗಡಿನಾಡಿನ ಹೆತ್ತವರಲ್ಲಿ ಒಂದು ಅರಿಕೆ.

ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದುತ್ತಿದ್ದಾಗ ಕನ್ನಡವೆಂದರೆ ನಮಗೆ ಪಠ್ಯಪುಸ್ತಕ ಮತ್ತು ಪರೀಕ್ಷೆ. ಆಟ ತುಳುವಿನಲ್ಲಿ, ಪೇಟೆಯ ವ್ಯವಹಾರ ಮಲಯಾಳದಲ್ಲಿ. ಏಳನೆಯ ತರಗತಿಯ ರಜೆಯಲ್ಲಿ, ಸೋದರಮಾವನ ಮನೆಯ ಅಟ್ಟದ ಮೇಲೆ, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಯೊಂದು ದೊರೆಯಿತು. 1925ರಲ್ಲಿ ಜನಿಸಿ, ನಾಲ್ಕನೆಯ ತರಗತಿಯವರೆಗಷ್ಟೇ ಓದಿದ ಈ ಲೇಖಕರು 500ಕ್ಕೂ ಹೆಚ್ಚು ಕಾದಂಬರಿಗಳನ್ನು ರಚಿಸಿದರೆಂಬುದು ಅನಂತರ ತಿಳಿಯಿತು.

ಪುಸ್ತಕವು ನಾಲ್ವರು ಗೆಳೆಯರ ಕೈ ದಾಟಿತು. ಒಬ್ಬೊಬ್ಬರಿಗೆ ಎರಡೇ ರಾತ್ರಿ. ಕೊಲೆಗಾರನ ಹೆಸರನ್ನು ಮೊದಲೇ ಹೇಳಿದವನಿಗೆ ಮುಂದಿನ ಪುಸ್ತಕವಿಲ್ಲ. ಮತ್ತೊಬ್ಬನು ತನ್ನ ಮೆಚ್ಚಿನದನ್ನು ತಂದನು. ಸುಳಿವು, ಸಂಶಯ, ಸಾಕ್ಷ್ಯ, ತಲೆಮರೆಸಿಕೊಂಡವನು—ಇಂಥ ಮಾತುಗಳು ನಿಘಂಟಿನ ನೆರವಿಲ್ಲದೆ ನಮ್ಮವಾದವು. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಆಡುತ್ತಿದ್ದವರು ಅಪರಾಧಿ ಯಾರೆಂದು ಕನ್ನಡದಲ್ಲಿಯೇ ವಾದಿಸಿದೆವು.

ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷಾ ಶಿಕ್ಷಣದ ಸೌಲಭ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದನ್ನು ನಾವು ಕೇಳಿ ಪಡೆಯಲೇಬೇಕು. ಆದರೆ ಯಾವ ವಿಧಿಯೂ ಓದಿನ ಹಸಿವನ್ನು ಹುಟ್ಟಿಸಲಾರದು. ಮಗು ಪತ್ತೇದಾರಿ ಕಾದಂಬರಿ ಹಿಡಿದು ಕುಳಿತರೆ ಕಾಲಹರಣವೆಂದು ಕಸಿದುಕೊಳ್ಳದಿರಿ. ಓದಿ ಮುಗಿಸಿದ ಮೇಲೆ ಅದನ್ನು ಗೆಳೆಯರಿಗೂ ಕೊಡುವಂತೆ ಹೇಳಿ.